ಹೇಳಿ ಬದುಕಿದವರು

ಅಥವಾ ಅವಳು ನೆಲದ ಮೇಲೆಯೇ ಕೂತಿದ್ದಳೋ ಏನೋ. ನನ್ನ ನೆನಪಿನಲ್ಲಿ ಡೀನಾ ಸಿಸ್ಟರ್ ಅಡಿಗೆಮನೆಯಿಂದ ಮಣೆ ಎಳೆದು ತಂದು, ಮಂಚದ ಪಕ್ಕ, ನನ್ನ ತಲೆಗಿಂತ ತನ್ನ ತಲೆ ಕೆಳಗೆ ಬರುವ ಹಾಗೆ ಕೂತಿದ್ದಾಳೆ. ಅವ್ವನನ್ನು ಕೇಳಿದರೆ ಮಣೆ ಅಂದು ಮನೆಯಲ್ಲಿರಲೇ ಇಲ್ಲ, ಕಾಲು ಮುರಿದು ಬಡಗಿಯ ಹತ್ತಿರ ಹೋಗಿತ್ತು, ಸಿಸ್ಟರ್ ಕೂತದ್ದು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಎನ್ನುತ್ತಾಳೆ. ಅಣ್ಣನಿಗೆ ಆ ದಿನದ ಮಾತೇ ಬೇಡ. ಇದ್ದದ್ದು ಒಂದು ಸಣ್ಣ ಕೋಣೆ. ಅದರಲ್ಲಿ ಯಾರು ಎಲ್ಲಿ ಕೂತಿದ್ದರು ಎಂಬುದಕ್ಕೂ ನಮ್ಮ ಮನೆಯಲ್ಲಿ ಒಮ್ಮತವಿಲ್ಲ.

ಆದ್ದರಿಂದ ಇದರಲ್ಲಿ ಬರುವ ಮಣೆ, ಕುರ್ಚಿ, ಸೀರೆಯ ಬಣ್ಣಗಳನ್ನು ನಂಬಬೇಡಿ. ನೋವನ್ನು ನಂಬಿ. ಅಂದು ನನ್ನ ಬಾಯಿಂದ ಬಂದ ಒಂದು ಮಾತನ್ನು ನಂಬಿ. ಉಳಿದದ್ದನ್ನೆಲ್ಲ ನಾನು ಆಮೇಲೆ ಎಷ್ಟು ಸಲ ಹೇಳಿದ್ದೇನೆಂದರೆ, ಈಗ ನೆನಪಿರುವುದು ನಡೆದದ್ದೋ ನಾನು ಹೇಳಿದ್ದೋ ತಿಳಿಯುವುದಿಲ್ಲ.

ನನ್ನ ಹೆಸರು ನೀಲಾ. ಹೈದರಾಬಾದಿನ ಮಲ್ಕಾಜ್‌ಗಿರಿ ಸ್ಟೇಶನ್ನಿನಿಂದ ನಡೆದು ಬರುವಷ್ಟು ದೂರದಲ್ಲಿ ನಮ್ಮ ಮನೆ. ಅಪ್ಪ ಭಾಲ್ಕಿಯ ಕಡೆಯಿಂದ ರೈಲ್ವೆ ಗಾರ್ಡ್ ಆಗಿ ಇಲ್ಲಿಗೆ ಬಂದವರು. ನಾನು ಅದೇ ರೈಲ್ವೆಯ ಸಿಗ್ನಲ್ ವಿಭಾಗದಲ್ಲಿ ನಕ್ಷೆ ಬರೆಯುತ್ತೇನೆ. ಮದುವೆಯಾಗಲಿಲ್ಲ. ಕೆಳಗಿನ ಮನೆಯಲ್ಲಿ ಅವ್ವ ಮತ್ತು ನಾನು, ಮಹಡಿಯಲ್ಲಿ ಅಣ್ಣ ಬಸವರಾಜ ಮತ್ತು ವೈನಿ. ಕೆಲವು ವರ್ಷಗಳ ಹಿಂದೆ ನನ್ನ ಎಡ ಮೊಲೆಯಲ್ಲಿ ಗಂಟು ಬಂದು, ಅದನ್ನು ತೆಗೆಸಿ, ಕೂದಲು ಹೋಗಿ, ಮತ್ತೆ ಕೂದಲು ಬಂದು, ಎಲ್ಲ ಮುಗಿಯಿತೆಂದು ಅಣ್ಣ ನನ್ನ ಆಫೀಸಿನವರಿಗೆಲ್ಲ ಪೇಡೆ ಹಂಚಿದ್ದ. ಆ ಕಥೆಯನ್ನು ಹೇಳುವುದಿಲ್ಲ. ಅದು ಎಲ್ಲರಿಗೂ ಇಷ್ಟವಾಗುವ ಕಥೆ, ಕೊನೆಗೆ ಪೇಡೆ ಬರುತ್ತದೆ. ಇದು ಪೇಡೆ ತಿಂದ ಮೇಲಿನದು.

ಮೊದಲು ಸೊಂಟದಲ್ಲಿ ಹಿಡಿದುಕೊಂಡಿತು. ಆಫೀಸಿನ ಕುರ್ಚಿಯನ್ನು ಬೈದೆ, ಕುರ್ಚಿ ಬದಲಾಯಿತು, ನೋವು ಬದಲಾಗಲಿಲ್ಲ. ನಂತರ ಆಟೋ ಗುಂಡಿಗೆ ಇಳಿದಾಗಲೆಲ್ಲ ಬೆನ್ನಿನ ಬುಡದಲ್ಲಿ ಯಾರೋ ಉಳಿ ಇಟ್ಟು ಹೊಡೆದಂತೆ ಆಗತೊಡಗಿತು. ಮತ್ತೆ ಆಸ್ಪತ್ರೆ. ಮತ್ತೆ ಅದೇ ಕಾಯುವ ಕೋಣೆ.

ಆ ಕೋಣೆಯ ಕುರ್ಚಿಗಳನ್ನು ಒಂದಕ್ಕೊಂದು ಕೂಡಿಸಿ ಕಂಬಿಗೆ ಬಿಗಿದಿದ್ದರು. ಒಬ್ಬರು ಮಗ್ಗುಲು ಬದಲಿಸಿದರೆ ಸಾಲಿನಲ್ಲಿದ್ದವರೆಲ್ಲ ಅಲುಗಬೇಕು. ಗೋಡೆಯ ಟಿವಿಯಲ್ಲಿ ಒಬ್ಬಳು ಸದ್ದಿಲ್ಲದೆ ಗುತ್ತಿ ವಂಕಾಯಿ, ನಮ್ಮ ಎಣ್ಣೆಗಾಯಿ, ಮಾಡುತ್ತಿದ್ದಳು. ನನ್ನ ಪಕ್ಕದಲ್ಲಿ ವರಂಗಲ್ ಕಡೆಯ ಹೆಂಗಸೊಬ್ಬಳು ಕೂತಿದ್ದಳು. ಯಾವ ಊರು ಎಂದು ಕೇಳುವ ಹಾಗೆ ತೆಲುಗಿನಲ್ಲಿ ಯಾವ ಭಾಗ ಎಂದು ಕೇಳಿದಳು. ನಾನು ಮೊಲೆ ಎಂದೆ. ಅವಳು ಗರ್ಭಕೋಶ ಎಂದಳು. ಸೆರಗಿನ ಗಂಟಿನಿಂದ ಹುಣಸೆಹಣ್ಣಿನ ಚೂರೊಂದನ್ನು ತೆಗೆದು ಕೊಟ್ಟಳು, ಬಾಯಿಯ ಕಹಿಗೆ ಒಳ್ಳೆಯದಂತೆ. ಇಬ್ಬರೂ ಚೀಪುತ್ತ ಟಿವಿ ನೋಡಿದೆವು. ಆ ದಿನಗಳಲ್ಲಿ ನನ್ನ ರೋಗದ ಬಗ್ಗೆ ನನ್ನೊಡನೆ ಯಾರಾದರೂ ನೇರವಾಗಿ ಆಡಿದ ಮಾತೆಂದರೆ ಅದೊಂದೇ.

ಏಕೆಂದರೆ ಒಳಗೆ ಕರೆದದ್ದು ನನ್ನನ್ನಲ್ಲ, ಅಣ್ಣನನ್ನು. ಅವನು ಬಹಳ ಹೊತ್ತು ಬಿಟ್ಟು ಹೊರಗೆ ಬಂದ. ಬಾಗಿಲ ಆಚೆಯೇ ಮುಖವನ್ನು ತಯಾರು ಮಾಡಿಕೊಂಡು ಬಂದಿದ್ದ. ಎಲುಬಿನಲ್ಲಿ ಸುಣ್ಣ ಕಡಿಮೆಯಾಗಿದೆಯಂತೆ, ಸ್ವಲ್ಪ ದಿನ ಕರೆಂಟ್ ಕೊಟ್ಟರೆ ಸರಿಹೋಗುತ್ತದಂತೆ, ಎಂದ. ಕರೆಂಟ್ ಎಂದರೆ ರೇಡಿಯೇಶನ್. ಸುಣ್ಣ ಕಡಿಮೆಯಾದವರಿಗೆ ಅದನ್ನು ಕೊಡುವುದಿಲ್ಲ. ಮೊದಲ ಸಲ ನನಗೆ ಅದನ್ನು ಯಾತಕ್ಕೆ ಕೊಟ್ಟಿದ್ದರೆಂದು ನನಗೆ ಗೊತ್ತಿತ್ತು. ನನಗೆ ಗೊತ್ತಿದೆಯೆಂದು ಅವನಿಗೂ ಗೊತ್ತಿತ್ತು. ಇಬ್ಬರೂ ಲಿಫ್ಟಿನಲ್ಲಿ ಸುಣ್ಣದ ಬಗ್ಗೆಯೇ ಮಾತಾಡುತ್ತ ಇಳಿದೆವು.

ಸಿಗ್ನಲ್ ವಿಭಾಗಕ್ಕೆ ಸೇರಿದವರಿಗೆ ಮೊದಲು ಕಲಿಸುವ ಪಾಠಗಳಲ್ಲಿ ಒಂದಿದೆ. ದಾರಿಯಲ್ಲಿ ದೀಪ ಆರಿದ ಸಿಗ್ನಲ್ ಸಿಕ್ಕರೆ ಅದು ಏನನ್ನೂ ಹೇಳುತ್ತಿಲ್ಲ ಎಂದು ತಿಳಿಯಬಾರದು. ಕೆಂಪು ತೋರಿಸಬಲ್ಲ ಸಿಗ್ನಲ್ ಆಗಿದ್ದರೆ ಅದು ಕೆಂಪೇ. ನಮ್ಮ ಮನೆಯಲ್ಲಿ ಆ ತಿಂಗಳು ಎಲ್ಲ ದೀಪಗಳೂ ಆರಿದ್ದವು. ನಾನು ಪಡಸಾಲೆಗೆ ಬಂದರೆ ಮಾತು ನಿಲ್ಲುತ್ತಿತ್ತು. ಡಾಕ್ಟರರಿಗೆ ಫೋನ್ ಮಾಡಬೇಕಾದರೆ ಅಣ್ಣ ಬಾಲ್ಕನಿಗೆ ಹೋಗಿ ಹಿಂದಿನಿಂದ ಬಾಗಿಲು ಹಾಕಿಕೊಳ್ಳುತ್ತಿದ್ದ. ವರ್ಷಗಟ್ಟಲೆ ಕಾಣದ ಸಂಬಂಧಿಕರು ಭಾಲ್ಕಿಯಿಂದ ಸೇಬಿನ ಚೀಲ ಹಿಡಿದು ಬಂದು, ನನ್ನ ಕಾಲು ಮುಟ್ಟಿ ನೋಡಿ, ಅಡಿಗೆಮನೆಗೆ ಹೋಗಿ ಮೂಗು ಸೀಟಿಕೊಂಡು ಬರುತ್ತಿದ್ದರು. ನಾನು ಕೆಂಪು ಎಂದು ಓದಿಕೊಂಡೆ. ಆದರೆ ಬಾಯಿ ಬಿಟ್ಟು ಕೇಳಲಿಲ್ಲ. ಕೇಳಿದರೆ ಅಣ್ಣ ನನ್ನ ಮುಖ ನೋಡಿಕೊಂಡು ಇನ್ನೊಂದು ಸುಳ್ಳು ಹೇಳಬೇಕಾಗುತ್ತಿತ್ತು. ಸುಳ್ಳು ಹೇಳುವಾಗ ಅವನು ಕಿವಿ ತುರಿಸಿಕೊಳ್ಳುತ್ತಾನೆ, ಚಿಕ್ಕವನಿದ್ದಾಗಿನಿಂದ. ಅದನ್ನು ನೋಡಲಾರೆನೆನಿಸಿತ್ತು.

ರೋಗ ನನ್ನದು, ಎಲುಬು ನನ್ನವು, ಆದರೆ ಅವುಗಳ ಸುದ್ದಿ ಮಾತ್ರ ನನ್ನದಾಗಿರಲಿಲ್ಲ. ಮಾತು ನನ್ನದಲ್ಲವಾದ ಮೇಲೆ ತೀರ್ಮಾನವೂ ನನ್ನದಲ್ಲ. ಯಾವ ಔಷಧ, ಯಾವ ಆಸ್ಪತ್ರೆ, ಆಫೀಸಿಗೆ ಯಾವಾಗ ರಾಜೀನಾಮೆ, ಎಲ್ಲವೂ ಬಾಲ್ಕನಿಯಲ್ಲಿ ನಿರ್ಧಾರವಾಗುತ್ತಿದ್ದವು. ನನಗೆ ಸಾವಿಗಿಂತ ಹೆಚ್ಚು ಸಿಟ್ಟು ಬರಿಸಿದ್ದು ಇದು. ಸಾವಿನ ಮೇಲೆ ಸಿಟ್ಟು ಮಾಡಿಕೊಳ್ಳಲು ಅದು ಎದುರಿಗೆ ಕಾಣುವುದಿಲ್ಲ. ಬಾಲ್ಕನಿಯ ಬಾಗಿಲು ಕಾಣುತ್ತದೆ.

ಸಿಟ್ಟು ತೀರಿಸಿಕೊಳ್ಳಲು ನನ್ನ ಕೈಯಲ್ಲಿದ್ದದ್ದು ಒಂದೇ. ಅಣ್ಣ ಮಾರ್ಫಿನ್ ಗುಳಿಗೆ ತಂದಿಟ್ಟಿದ್ದ. ಬರೀ ನೋವಿನದು ಎಂದಿದ್ದ. ಆ ಹೆಸರು ನನಗೆ ಗೊತ್ತಿತ್ತು. ನಮ್ಮ ಓಣಿಯ ಒಬ್ಬರು ಅದನ್ನು ಶುರು ಮಾಡಿದ ವಾರದಲ್ಲೇ ತೀರಿಕೊಂಡಿದ್ದರು. ನುಂಗಿದರೆ ನಾನು ಸಾಯಲು ಒಪ್ಪಿದ ಹಾಗೆ ಎಂದುಕೊಂಡು ನುಂಗಲಿಲ್ಲ. ಹಲ್ಲು ಕಚ್ಚಿ ಮಲಗಿದ್ದೆ. ಮಗ್ಗುಲು ಬದಲಿಸಬೇಕಾದರೆ ಅವ್ವನನ್ನು ಕೂಗಬೇಕಾಗಿತ್ತು. ಬೆನ್ನು ಕೊಯ್ಯುತ್ತಿದ್ದರೂ ಗುಳಿಗೆಯ ಸ್ಟ್ರಿಪ್ಪನ್ನು ಒಡೆಯದೆ ಇಟ್ಟಿದ್ದೇನೆಂಬ ಹೆಮ್ಮೆ ಬೇರೆ.

ಆಗ ಬಂದವಳು ನರ್ಸ್ ಡೀನಾ ಸಿಸ್ಟರ್. ಗುಣವಾಗದ ರೋಗಿಗಳನ್ನು ಅವರವರ ಮನೆಯಲ್ಲೇ ನೋಡಿಕೊಳ್ಳುವ ಒಂದು ಸಂಸ್ಥೆ ಅವಳನ್ನು ಕಳಿಸಿತ್ತು. ಅಣ್ಣ ನನಗೆ ಹೇಳಿದ್ದು ಫಿಜಿಯೋಥೆರಪಿಯವರು ಎಂದು. ಗೇಟಿನಲ್ಲೇ ಅವಳನ್ನು ತಡೆದು, ನೀಲಾಗೆ ಏನೂ ಗೊತ್ತಿಲ್ಲ, ನೀವೂ ಹೇಳಬೇಡಿ ಎಂದು ತಾಕೀತು ಮಾಡಿದ್ದನಂತೆ. ಐವತ್ತು ದಾಟಿದ, ಮೆಹೆಂದಿ ಹಚ್ಚಿ ಕೆಂಪಾದ ಕೂದಲಿನ, ಗಂಡಸರ ಕೈಗಡಿಯಾರ ಕಟ್ಟಿದ ಹೆಂಗಸು. ಸ್ಕೂಟರಿನಲ್ಲಿ ಬಂದಿದ್ದಳು. ಬಾಯಿ ತೆಗೆದರೆ ಸೊಲ್ಲಾಪುರದ ಕನ್ನಡ. ಅವಳಪ್ಪನೂ ರೈಲ್ವೆಯಲ್ಲಿದ್ದವರಂತೆ. ನಮ್ಮ ಮನೆಯಲ್ಲಿ ಅಷ್ಟಕ್ಕೇ ಅರ್ಧ ಸಂಬಂಧ ಕೂಡಿಬಿಡುತ್ತದೆ.

ಉಳಿದರ್ಧವನ್ನು ಅವ್ವ ಕೂಡಿಸಿದಳು. ಡೀನಾ ಎಂಬ ಹೆಸರು ಕೇಳಿ, ಯಾವ ಚರ್ಚಿಗೆ ಹೋಗುತ್ತೀರಿ ಎಂದು ವಿಚಾರಿಸಿದಳು.

"ಚರ್ಚ್ ಅಲ್ರಿ ಅವ್ವಾರ, ನಾವು ಯೆಹೂದಿ ಮಂದಿ."

ಅವ್ವ ಆ ಹೆಸರನ್ನೇ ಕೇಳಿರಲಿಲ್ಲ. ಡೀನಾ ಹೊಸದಾಗಿ ಹೋದ ಮನೆಗಳಲ್ಲೆಲ್ಲ ಇದನ್ನು ಬಿಡಿಸಿ ಹೇಳಬೇಕಾಗಿ ಬರುತ್ತದೆಂದು ಕಾಣುತ್ತದೆ, ಬೇಸರವಿಲ್ಲದೆ ಹೇಳಿದಳು. ಅವಳ ಹಿರಿಯರು ಎಷ್ಟೋ ತಲೆಮಾರಿನ ಹಿಂದೆ ಕೊಂಕಣದ ದಂಡೆಗೆ ಬಂದು ಗಾಣ ಹಾಕಿಕೊಂಡು ಬದುಕಿದವರು. ಶನಿವಾರ ಮಾತ್ರ ಗಾಣ ತಿರುಗಿಸುತ್ತಿರಲಿಲ್ಲ. ಅದಕ್ಕೇ ಸುತ್ತಲಿನವರು ಶನಿವಾರದ ಎಣ್ಣೆಯವರು ಎಂದೇ ಕರೆಯುತ್ತಿದ್ದರು.

ಅವ್ವನ ಮುಖ ಅರಳಿತು. "ಅಂದ್ರ ಗಾಣಿಗೇರು ಅನ್ರಿ ಮತ್ತ. ನಮ್ಮವರ ಆದ್ರಿ."

ಡೀನಾ ತಿದ್ದಲು ಹೋಗಲಿಲ್ಲ. "ಆತ್ ಬಿಡ್ರಿ, ನಿಮ್ಮವರ" ಎಂದಳು. ಇಂದಿಗೂ ಅವ್ವನ ಪಾಲಿಗೆ ಯೆಹೂದಿಗಳೆಂದರೆ ಲಿಂಗ ಕಟ್ಟದ ಗಾಣಿಗರು. ನಮ್ಮಂತೆ ಹೂಳುತ್ತಾರೆ, ಸುಡುವುದಿಲ್ಲ ಎಂದು ತಿಳಿದ ಮೇಲಂತೂ ಆ ನಂಬಿಕೆ ಇನ್ನೂ ಗಟ್ಟಿಯಾಯಿತು. ಡೀನಾಗೂ ಮಾಂಸ ಬೇಯದ ನಮ್ಮ ಮನೆಯ ಊಟ ಸಲೀಸಾಗಿತ್ತು. ಅವರಲ್ಲಿ ಮಾಂಸವನ್ನೂ ಹಾಲನ್ನೂ ಕೂಡಿಸಿ ತಿನ್ನುವಂತಿಲ್ಲ. ಮಾಂಸ ಎಂಥದು, ಹಾಲಿನ ಜೊತೆ ಬೆರೆಯಿತೇ ಎಂಬ ಯೋಚನೆಯೇ ಇಲ್ಲದ ಮನೆ ಎಂದು ರೊಟ್ಟಿಯ ಮೇಲೆ ಬೆಣ್ಣೆ ಹಾಕಿಸಿಕೊಂಡು ತಿನ್ನುತ್ತಿದ್ದಳು.

ಆದರೆ ಅದು ನಂತರದ ಮಾತು. ಆ ಮೊದಲ ದಿನ, ಕುರ್ಚಿಯ ಮೇಲೋ ಮಣೆಯ ಮೇಲೋ ಕೂತು, ಒಡೆಯದ ಗುಳಿಗೆ ಸ್ಟ್ರಿಪ್ಪನ್ನು ನೋಡಿದಳು. ಅವ್ವ ಬಾಗಿಲ ಹತ್ತಿರ ನಿಂತು ಆಗಲೇ ಸೆರಗು ಬಾಯಿಗಿಟ್ಟುಕೊಂಡಿದ್ದಳು. ಅಣ್ಣ ಕಿವಿ ತುರಿಸಿಕೊಳ್ಳುತ್ತಿದ್ದ. ಡೀನಾ ಇಬ್ಬರನ್ನೂ ಹೊರಗೆ ಹೋಗಿ ಎಂದಳು. ಡ್ರೆಸ್ಸಿಂಗ್ ಇದೆಯೇನು ಎಂದು ಅಣ್ಣ ಕೇಳಿದ. ಡ್ರೆಸ್ಸಿಂಗ್ ಇಲ್ಲ, ಅಳುವವರು ಒಳಗಿರಬಾರದು, ಅಷ್ಟೇ, ಎಂದಳು. ಅಣ್ಣ ನಾನೆಲ್ಲಿ ಅಳುತ್ತಿದ್ದೇನೆ ಎಂದ. ಅವಳು ಬಾಗಿಲು ಹಾಕಿದಳು.

ಆಮೇಲೆ ಅವಳು ಹೇಳಿದ್ದನ್ನು ನನಗೆ ನೆನಪಿರುವ ಹಾಗೆ ಬರೆಯುತ್ತೇನೆ.

"ನಮ್ಮಲ್ಲೆ ಭಾಳ ಬ್ಯಾನಿ ಆದವ್ರ ಕಡೆ ಹಿರ್ಯಾರು ಹೋಗಿ, ದೇವರ ಮುಂದ ಏನರೆ ಹೇಳೂದಿದ್ರ ಹೇಳಿಬಿಡಪಾ ಅಂತಾರ್ರಿ. ಹಂಗಂದ್ ಕೂಡ್ಲೆ ಮನಶ್ಯಾ ಅಂಜ್ತಾನ, ನಂದು ಮುಗೀತು ಅಂತ. ಅದಕ್ಕ ನಮ್ಮಜ್ಜಿ ಮೊದಲ ಅಳೋರನ್ನ ಹೊರಗ ಹಾಕಾಕಿ. ಆಮ್ಯಾಲ ಒಂದು ಮಾತು ಹೇಳಾಕಿ. ಹೇಳಿ ಬದುಕಿದವರು ಭಾಳ ಮಂದಿ ಅದಾರ, ಹೇಳಲಾರ್ದ ಸತ್ತವರೂ ಭಾಳ ಮಂದಿ ಅದಾರ. ಹೇಳೂದಕ್ಕೂ ಸಾಯೂದಕ್ಕೂ ಸಂಬಂಧ ಇಲ್ಲ."

"ದೇವರಿಗೆ ಹೇಳೂದು ನಂದೇನೂ ಇಲ್ರಿ" ಎಂದೆ.

"ಹಂಗಾರ ನನಗ ಹೇಳ್ರಿ. ಗುಳಗಿ ಕೊಡೂದ್ರಾಗ ದೇವರಿಗಿಂತ ನಾ ಲಗೂ ಅದೀನಿ."

ನಾನು ನಕ್ಕೆ. ನಕ್ಕದ್ದಕ್ಕೆ ಬೆನ್ನು ಹಿಡಿಯಿತು. ನೋವಿನ ಸಿಟ್ಟಿನಲ್ಲೇ ಆ ಮಾತು ಬಂದದ್ದು.

"ಎಲುಬಿಗೆ ಬಂದೈತಿ. ಹೋಗೂದಿಲ್ಲ."

"ಹೌದ್ರಿ" ಎಂದಳು ಡೀನಾ.

ಅಷ್ಟೇ. ಫ್ಯಾನು ತಿರುಗುತ್ತಲೇ ಇತ್ತು. ಹೊರಗೆ ತರಕಾರಿಯವನು ಟೊಮೇಟೊ ಕೂಗುತ್ತಿದ್ದ. ಆ ಮಾತು ಹೊರಬಿದ್ದರೆ ಮನೆ ಕುಸಿಯುತ್ತದೆಂದು ಎಲ್ಲರೂ ಹೆಗಲು ಕೊಟ್ಟು ನಿಂತಿದ್ದರಲ್ಲ, ಒಂದು ಹೆಂಚೂ ಅಲುಗಲಿಲ್ಲ. ಅವಳ ಹೌದ್ರಿ ಎಷ್ಟು ಸಪ್ಪೆಯಾಗಿತ್ತೆಂದರೆ, ನನ್ನ ಎತ್ತರ ಇಷ್ಟು, ನನ್ನ ಊರು ಇದು ಎಂದು ಹೇಳಿದ್ದಕ್ಕೆ ಬಂದ ಹೌದಿನ ಹಾಗೆ. ಆ ಸಪ್ಪೆತನಕ್ಕಾಗಿ ನಾನು ಅವಳಿಗೆ ಇಂದಿಗೂ ಋಣಿ.

ಗುಳಿಗೆಯ ಬಗ್ಗೆ ಜಗಳವಾಯಿತು. ನಾನು ಸಾಯುವವರ ಗುಳಿಗೆ ತಿನ್ನುವುದಿಲ್ಲ ಎಂದೆ. ಅದು ಸಾವಿನದಲ್ಲ, ನೋವಿನದು ಎಂದಳು. ಓಣಿಯವರ ಕಥೆ ಹೇಳಿದೆ. ಅವರು ಗುಳಿಗೆ ತಿಂದು ಸತ್ತದ್ದಲ್ಲ, ಸಾಯುವ ಹೊತ್ತು ಬರುವವರೆಗೂ ಯಾರೂ ಕೊಡದೆ ಕೊನೆಯ ವಾರದಲ್ಲಿ ಕೊಟ್ಟರು, ಅಷ್ಟು ದಿನ ಸುಮ್ಮನೆ ನರಳಿದರು ಎಂದಳು. ನಿಮಗೇನು ಬೇಕು ಎಂದು ಕೇಳಿದಳು. ಆ ತಿಂಗಳು ನನ್ನನ್ನು ಯಾರೂ ಕೇಳದ ಪ್ರಶ್ನೆ. ಆಫೀಸಿಗೆ ಹೋಗಬೇಕು, ನನ್ನ ಕುರ್ಚಿಯಲ್ಲಿ ಕೂರಬೇಕು ಎಂದೆ. ಹಾಗಾದರೆ ಗುಳಿಗೆ ತಿಂದು ಹೋಗಿ ಎಂದಳು.

ನಂತರ ಅವಳು ಬಾಗಿಲು ತೆಗೆದು ಅವರಿಬ್ಬರನ್ನೂ ಒಳಗೆ ಕರೆದಳು. ಇವರಿಗೆ ನಾನು ಹೇಳುವುದಿಲ್ಲ, ನೀವೇ ಹೇಳಿ ಎಂದು ನನ್ನ ಕಡೆ ತಿರುಗಿದಳು. ಹೇಳಿದೆ. ಅದೇ ಮಾತು, ಎರಡನೆಯ ಸಲ, ಸಲೀಸಾಗಿ ಬಂತು.

ಅಣ್ಣ ನನ್ನ ಕಡೆ ನೋಡಲಿಲ್ಲ. "ಇದಕ್ಕೇನ್ರಿ ನಿಮ್ಮನ್ನ ಕರಿಸಿದ್ದು?" ಎಂದ ಡೀನಾಗೆ.

ಅವ್ವ ಮಂಚದ ಅಂಚಿಗೆ ಕೂತಳು. "ನನಗ ಮೊದಲ ಗೊತ್ತಿತ್ತು ಬಸಣ್ಣ. ನೀ ಎಲ್ಲೆ ಅಳ್ತೀಯೋ ಅಂತ ಸುಮ್ಮನಿದ್ದೆ" ಎಂದಳು.

ಅಣ್ಣ ಇಷ್ಟು ದಿನ ಬಾಲ್ಕನಿಗೆ ಹೋಗುತ್ತಿದ್ದದ್ದು ಅವ್ವನಿಗೆ ಕೇಳಿಸಬಾರದೆಂದು. ಅವ್ವ ಇಷ್ಟು ದಿನ ಟಿವಿಯ ಸದ್ದು ಏರಿಸುತ್ತಿದ್ದದ್ದು, ತಾನು ಕೇಳಿಸಿಕೊಳ್ಳುತ್ತಿದ್ದೇನೆಂದು ಅಣ್ಣನಿಗೆ ತಿಳಿಯಬಾರದೆಂದು. ಅಣ್ಣ ಮಹಡಿ ಹತ್ತಿ ಹೋದವನು ಎಷ್ಟೋ ದಿನ ಕೆಳಗಿಳಿಯಲಿಲ್ಲ. ಸಂಸ್ಥೆಗೆ ಫೋನ್ ಮಾಡಿ ಬೇರೆ ನರ್ಸ್ ಕಳಿಸಿ ಎಂದನಂತೆ. ಈ ಕಡೆಗೆ ಬರುವವರು ಬೇರೆ ಯಾರೂ ಇಲ್ಲವೆಂದರಂತೆ.

ಅಂದು ಸಂಜೆ ಗುಳಿಗೆ ನುಂಗಿ ಸಾವಿಗೆ ಕಾದೆ. ಬಂದದ್ದು ನಿದ್ದೆ. ಎಡ ಮಗ್ಗುಲಿಗೆ, ನಾನೇ ತಿರುಗಿ, ಮಲಗಿದೆ. ಎದ್ದಾಗ ಎಂಥ ಹಸಿವೆಯಿತ್ತೆಂದರೆ ಅವ್ವ ಚುರುಮುರಿಯ ಸುಸಲಾ ಮಾಡಿಕೊಟ್ಟದ್ದನ್ನು ತಟ್ಟೆ ಒರೆಸಿ ತಿಂದೆ. ನೋವು ಹೋಗಿರಲಿಲ್ಲ. ಆದರೆ ಅದು ಪಕ್ಕದ ಕೋಣೆಗೆ ಹೋಗಿ ಕೂತಂತಿತ್ತು, ಕೆಮ್ಮುವುದು ಮಾತ್ರ ಕೇಳಿಸುತ್ತಿತ್ತು. ಡೀನಾ ಆ ಸಲ ಒಂದು ತಪ್ಪು ಮಾಡಿದ್ದಳು. ಗುಳಿಗೆಯ ಜೊತೆಗೆ ಹೊಟ್ಟೆ ಸಡಿಲಿಸುವ ಔಷಧ ಕೊಡುವುದನ್ನು ಮರೆತಿದ್ದಳು. ನಾಲ್ಕಾರು ದಿನ ನಾನು ಅವಳಿಗೂ ಅವಳಜ್ಜಿಗೂ ಶಾಪ ಹಾಕಿದೆ. ಬಂದಾಗ ಬೈದೆ. ಅವಳು ಕೈ ಮುಗಿದು, ಬೈಯುವಷ್ಟು ತ್ರಾಣ ಬಂದಿದೆಯಲ್ಲ ಎಂದಳು. ನನಗೆ ನಗು ಬರಲಿಲ್ಲ. ಇದನ್ನು ಓದುವವರಲ್ಲಿ ಯಾರಿಗಾದರೂ ಆ ಗುಳಿಗೆ ಶುರುವಾಗಿದ್ದರೆ, ಮೊದಲ ದಿನವೇ ಇನ್ನೊಂದು ಔಷಧವನ್ನು ಕೇಳಿ ಪಡೆಯಿರಿ. ನಾಚಬೇಡಿ.

ಅಣ್ಣ ಕೆಳಗೆ ಬಂದದ್ದು ಹೊಸ ಯೋಜನೆಯೊಂದಿಗೆ. ಕೊಂಡಾಪುರದ ಕಡೆ ದೊಡ್ಡ ಆಸ್ಪತ್ರೆಯೊಂದಿದೆ, ಅಲ್ಲಿ ಹೊಸ ಬಗೆಯ ಕೀಮೋ ಕೊಡುತ್ತಾರೆ, ಎಲ್ಲ ಮಾತಾಡಿದ್ದೇನೆ ಎಂದ. ಅದರಿಂದ ಏನಾಗುತ್ತದೆ, ನನ್ನಿಂದ ಏನನ್ನು ತೆಗೆದುಕೊಳ್ಳುತ್ತದೆ ಎಂದು ಕೇಳಿದೆ. ಅವನಿಗೆ ಗೊತ್ತಿರಲಿಲ್ಲ. ಕೇಳಿಯೂ ಇರಲಿಲ್ಲ.

"ಹೋರಾಡ್ಬೇಕು ನೀಲಾ" ಎಂದ.

"ಹೋರಾಡಾಕತ್ತೀನಲ್ಲೋ. ನಿನ್ನ ಜೋಡಿ" ಎಂದೆ.

ರೋಗವನ್ನು ತಡೆಹಿಡಿಯುವ ದಿನದ ಗುಳಿಗೆ, ಎಲುಬಿಗೆ ಕೊಡುವ ಇಂಜೆಕ್ಷನ್, ಅಗತ್ಯ ಬಿದ್ದರೆ ಮತ್ತೆ ಕರೆಂಟ್, ಇಷ್ಟಕ್ಕೆ ಒಪ್ಪಿದ್ದೆ. ಬಾಟಲಿ ಹಚ್ಚಿಸಿಕೊಂಡು ವಾಂತಿ ಮಾಡುತ್ತ ಕೂರಲು ಒಪ್ಪಲಿಲ್ಲ. ಇದು ಸರಿಯಾದ ದಾರಿ ಎಂದು ಬೇರೆಯವರಿಗೆ ಹೇಳುತ್ತಿಲ್ಲ. ನಿಮ್ಮದು ಬೇರೆ ಇರಬಹುದು. ನಿಮ್ಮದನ್ನು ಬಾಲ್ಕನಿಯಲ್ಲಿ ಇನ್ನೊಬ್ಬರು ಆರಿಸದಿರಲಿ, ಅಷ್ಟೇ ನಾನು ಹೇಳುವುದು.

ಆಫೀಸಿಗೆ ಹೋದೆ, ನಡುವೆ ತೂತಿರುವ ದಿಂಬು ಹಿಡಿದುಕೊಂಡು. ಮೊದಲು ಅರ್ಧ ದಿನ, ಆಮೇಲೆ ಪೂರ್ತಿ. ಒಂದು ಭಾನುವಾರ ಅವ್ವನೊಡನೆ ಸುಲ್ತಾನ್ ಬಜಾರಿಗೆ ಹೋದೆ. ಇನ್ನು ಹೊಸ ಸೀರೆ ಯಾಕೆ ಎಂದು ವೈನಿ ಮೆತ್ತಗೆ ಅಂದದ್ದು ಕೇಳಿಸಿತ್ತು. ಅಂಗಡಿಯವನು ಹಗುರಾದ ಸಿಂಥೆಟಿಕ್ ಸೀರೆಗಳನ್ನು ಹರವಿದ. ನಾನು ದಪ್ಪ ನೂಲಿನ ಇಳಕಲ್ ತೆಗೆಸಿದೆ, ಹರಿಯಬೇಕಾದರೆ ವರ್ಷಗಳೇ ಬೇಕು ಅಂಥದು.

ಮಲಿದಾದ ಮಾತು ಬಂದದ್ದು ಆ ಸೀರೆ ತೋರಿಸುವಾಗಲೇ ಇರಬೇಕು. ಅಥವಾ ಬೇರೆ ದಿನವೋ. ಡೀನಾಳ ಮಂದಿಯಲ್ಲಿ ಮದುವೆ ಕೂಡಿಬಂದರೆ, ಹೊಸ ಮನೆ ಹೊಕ್ಕರೆ, ಕಾಯಿಲೆಯವರು ಎದ್ದು ಕೂತರೆ ಮಲಿದಾ ಮಾಡುತ್ತಾರೆ. ನೆನೆಸಿದ ಅವಲಕ್ಕಿಗೆ ಕಾಯಿತುರಿ, ಸಕ್ಕರೆ, ಏಲಕ್ಕಿ, ದ್ರಾಕ್ಷಿ ಕಲಸಿ, ಸುತ್ತ ಐದು ಬಗೆಯ ಹಣ್ಣಿಟ್ಟು, ಮೇಲೆ ಗುಲಾಬಿ ಪಕಳೆ ಉದುರಿಸಿ, ಏಲಿಯಾ ಎಂಬ ತಮ್ಮ ಪ್ರವಾದಿಯನ್ನು ನೆನೆದು ಪ್ರಾರ್ಥನೆ ಹೇಳಿ ಹಂಚುತ್ತಾರೆ. ಬೇಡಿಕೊಂಡದ್ದು ಕೈಗೂಡಿತು ಎಂಬುದಕ್ಕೆ. ಬೇರೆ ರೋಗಿಯೊಬ್ಬರು ಗುಣವಾಗಿ, ಅವರ ಮನೆಯವರು ಮಲಿದಾ ಮಾಡಿಸಿದ್ದನ್ನು ಅವಳು ಸಂತೋಷದಿಂದ ಹೇಳುತ್ತಿದ್ದಳು. ಮುಂಬೈಯ ನೆನಪು, ಹೈದರಾಬಾದಿನದಲ್ಲ. ಇಲ್ಲಿ ಅವಳ ಮಂದಿ ಕೈಬೆರಳಿನಷ್ಟೂ ಇಲ್ಲ.

ನನಗೆ ರೇಗಿತು. ಗುಣವಾದವರಿಗೆ ಪೇಡೆ, ಗುಣವಾದವರಿಗೆ ಮಲಿದಾ.

"ನಂದು ಗುಣ ಆಗೂದಿಲ್ಲ ಅಂತ ನೀವ ಹೌದ್ರಿ ಅಂದೀರಿ. ಹಂಗಾರ ನನ್ನ ಮಲಿದಾ ಯಾವಾಗ್ರಿ?"

ಅವಳು ಚೀಲದಿಂದ ಫೋನ್ ತೆಗೆದಳು. ಮುಂಬೈ ಹತ್ತಿರದ ಠಾಣೆ ಎಂಬ ಊರಿನಲ್ಲಿದ್ದ ಸೋದರಮಾವನಿಗೆ ಹಚ್ಚಿದಳು. ಇಂಥ ವಿಷಯದಲ್ಲಿ ಅವರ ಮಾತೇ ಕೊನೆಯದಂತೆ. ಮರಾಠಿಯಲ್ಲಿ ಬಹಳ ಹೊತ್ತು ವಾದವಾಯಿತು. ಸರಿಯಾಗಿ ಮಾಡಬೇಕಾದರೆ ಅವರವರೇ ಹತ್ತು ಗಂಡಸರು ಬೇಕು, ಹಾಡುವವರೊಬ್ಬರು ಬೇಕು ಎಂಬುದು ನನಗೂ ಅರ್ಥವಾಯಿತು. ಆಮೇಲೆ ಡೀನಾ ಕಿಟಕಿಯ ಕಡೆ ತಿರುಗಿದಳು, ಆ ಕಡೆಯಿಂದ ಬಂದ ಕೊನೆಯ ಮಾತು ನನಗೆ ಕೇಳಿಸಲಿಲ್ಲ. ಫೋನ್ ಇಟ್ಟು, "ಮಾಡ್ರಿ ಅಂದ್ರು. ಶುಕ್ರವಾರ ಬ್ಯಾಡ, ಸಂಜಿಗೇ ನಮ್ಮ ಶನಿವಾರ ಹಿಡಿತೈತಿ. ಗುರುವಾರ ಬರ್ತೀನಿ" ಎಂದಳು.

ಗುರುವಾರ ಮಧ್ಯಾಹ್ನ ಅಡಿಗೆಮನೆಯಲ್ಲಿ ಅವ್ವ ಮತ್ತು ಡೀನಾ ಅವಲಕ್ಕಿ ಎಷ್ಟು ನೆನೆಸಬೇಕೆಂದು ಜಗಳವಾಡಿದರು. ಅವ್ವನ ಲೆಕ್ಕದಲ್ಲಿ ಮಲಿದಾ ಎಂದರೆ ಭಾಲ್ಕಿಯಲ್ಲಿ ದರ್ಗಾಕ್ಕೆ ಒಯ್ಯುವ, ಚಪಾತಿ ಮುರಿದು ಬೆಲ್ಲ ಹಾಕಿದ್ದು. ಗಾಣಿಗರು ಅವಲಕ್ಕಿಯಲ್ಲಿ ಮಾಡುತ್ತಾರೆಂದು ಅವಳಿಗೆ ಸೋಜಿಗ. ಕೊನೆಗೆ ದೊಡ್ಡ ತಾಟು ಸಿದ್ಧವಾಯಿತು. ನಾನು ಹೊಸ ಇಳಕಲ್ ಉಟ್ಟು ಮಂಚದ ಮೇಲೆ ಕೂತಿದ್ದೆ. ಡೀನಾ ತಲೆಯ ಮೇಲೆ ಓಢಣಿ ಎಳೆದುಕೊಂಡು ಹೀಬ್ರೂ ಭಾಷೆಯಲ್ಲಿ ಹಾಡಿನಂಥದನ್ನು ಶುರು ಮಾಡಿದಳು. ಶ್ರುತಿ ಅಲ್ಲಲ್ಲಿ ತಪ್ಪುತ್ತಿತ್ತು.

ಅಷ್ಟರಲ್ಲಿ ಅಣ್ಣ ಕೆಲಸದಿಂದ ಬಂದ. ಬಾಗಿಲಲ್ಲಿ ನಿಂತು ನೋಡಿದ್ದು ಇದು: ಹೊಸ ಸೀರೆ ಉಟ್ಟ ತಂಗಿ, ಎದುರಿಗೆ ಕಾಯಿ, ಐದು ಹಣ್ಣು, ಹೂವು, ತಿಳಿಯದ ಭಾಷೆಯಲ್ಲಿ ಮಂತ್ರ ಹೇಳುವ ನರ್ಸು. ಮನೆ ಬಿಟ್ಟು ಹೊರಡುವ ಹೆಣ್ಣುಮಗಳಿಗೆ ಉಡಿ ತುಂಬುವುದು ಹೇಗಿರುತ್ತದೆಂದು ಅವನಿಗೆ ಗೊತ್ತು. ಅವನು ಚಪ್ಪಲಿಯನ್ನೂ ಬಿಡದೆ ಹೊಸ್ತಿಲ ಮೇಲೆ ಕುಸಿದು ಕೂತು, ದೊಡ್ಡ ದನಿ ತೆಗೆದು ಅತ್ತ. ಅಪ್ಪ ಸತ್ತಾಗಲೂ ಹಾಗೆ ಅತ್ತಿರಲಿಲ್ಲ.

"ಸತ್ತಿಲ್ಲೋ. ಬಾ, ತಿನ್ನು" ಎಂದೆ.

ಡೀನಾ ಹಾಡು ನಿಲ್ಲಿಸಲಿಲ್ಲ. ಮುಗಿಸಿದ ಮೇಲೆ, ಅಳುವವರನ್ನು ಹೊರಗೆ ಹಾಕುವುದು ಬೇರೆ ದಿನದ ನಿಯಮ, ಇವತ್ತು ಒಳಗೆ ಬನ್ನಿ ಎಂದಳು. ಇದು ಏತಕ್ಕೆ ಮಾಡುವುದೆಂದು ಅವ್ವ ವಿವರಿಸಿದಳು. ಅಣ್ಣ ಕಣ್ಣೊರೆಸಿಕೊಂಡು, ಹತ್ತು ಗಂಡಸರು ಬೇಕಂತಲ್ಲ, ನಾನು ಒಬ್ಬನಾಗುತ್ತೇನೆಯೇ ಎಂದು ಕೇಳಿದ.

"ಲೆಕ್ಕಕ್ಕ ಬರೂದಿಲ್ರಿ ಬಸವರಾಜಣ್ಣಾರ" ಎಂದಳು ಡೀನಾ. "ಜಾಗಾ ತುಂಬ್ತೀರಿ, ಕುಂದರ್ರಿ."

ಅವನು ಕೂತ. ಅವಳು ಕೊಟ್ಟ ಖರ್ಜೂರವನ್ನು ಕೈಯಲ್ಲೇ ಹಿಡಿದು, ತಿನ್ನಬಹುದೇ ಎಂದು ಎರಡೆರಡು ಸಲ ಕೇಳಿ ತಿಂದ. ಆಮೇಲೆ ನನ್ನ ಮುಖ ನೋಡಿ, ಬ್ಯಾನಿ ಹೇಗಿದೆ ಎಂದ. ರೋಗ ಮರಳಿದಾಗಿನಿಂದ ಆ ಪ್ರಶ್ನೆಯನ್ನು ಅವನು ಅವ್ವನಿಗೆ, ಡಾಕ್ಟರರಿಗೆ, ವೈನಿಗೆ ಕೇಳಿದ್ದ. ನನಗೆ ಕೇಳಿದ್ದು ಅದೇ ಮೊದಲು. ಕೂತರೆ ಪರವಾಗಿಲ್ಲ, ಮೆಟ್ಟಿಲಿಗೆ ಕಷ್ಟ ಎಂದೆ.

ಕೆಲವು ವಾರಗಳ ಮೇಲೆ ಸ್ಕ್ಯಾನ್ ಆಯಿತು. ಫಲಿತಾಂಶ ಹೇಳಲು ಡಾಕ್ಟರು ಫೋನ್ ಮಾಡಿದಾಗ ನಾವೆಲ್ಲ ಚಹಾ ಕುಡಿಯುತ್ತಿದ್ದೆವು. ಅಣ್ಣ ಅಭ್ಯಾಸದಂತೆ ಎದ್ದು ಬಾಲ್ಕನಿಯವರೆಗೆ ಹೋದ. ಚಿಲಕದ ಮೇಲೆ ಕೈಯಿಟ್ಟವನು ನಿಂತ. ಹಿಂದಿರುಗಿ ಬಂದು, ಫೋನನ್ನು ಬಿಸ್ಕತ್ತಿನ ತಟ್ಟೆಯ ಪಕ್ಕ ಇಟ್ಟು, ಸ್ಪೀಕರ್ ಒತ್ತಿದ. ಪೇಷೆಂಟು ಹತ್ತಿರದಲ್ಲಿ ಇದ್ದಾರಾ ಎಂದು ಡಾಕ್ಟರು ತೆಲುಗಿನಲ್ಲಿ ದನಿ ತಗ್ಗಿಸಿದರು. ಇದ್ದಾಳೆ, ಕೇಳುತ್ತಿದ್ದಾಳೆ, ಅವಳಿಗೇ ಹೇಳಿ ಎಂದು ಅಣ್ಣ ತೆಲುಗಿನಲ್ಲೇ ಅಂದ. ಕಿವಿ ತುರಿಸಿಕೊಳ್ಳಲಿಲ್ಲ.

ಆ ಕಡೆ ಕಾಗದ ಮಗುಚಿದ ಸದ್ದಾಯಿತು. ಆಮೇಲೆ ಡಾಕ್ಟರು, "ನೀಲಾಗಾರೂ" ಎಂದರು. ಅಷ್ಟು ತಿಂಗಳಿನಲ್ಲಿ ಅವರ ಬಾಯಲ್ಲಿ ನನ್ನ ಹೆಸರು ಕೇಳಿದ್ದು ಅದೇ ಮೊದಲು. ಅಥವಾ ಹಿಂದೆಯೂ ಕರೆದಿದ್ದರೇನೋ, ನಾನೇ ಕೇಳಿಸಿಕೊಂಡಿರಲಿಲ್ಲವೇನೋ. ಹೋಗಿಲ್ಲ, ಹೆಚ್ಚೂ ಆಗಿಲ್ಲ, ಸದ್ಯಕ್ಕೆ ಅಲ್ಲೇ ನಿಂತಿದೆ ಎಂದರು. ನಾನು ಕೇಳಬೇಕಾದ್ದನ್ನೆಲ್ಲ ಕೇಳಿದೆ. ಚಹಾ ಆರಿತು.

ಈಗಲೂ ಆ ಮಾರ್ಫಿನ್ ಗುಳಿಗೆ ತಿನ್ನುತ್ತೇನೆ, ಆಫೀಸಿಗೆ ಹೋಗುತ್ತೇನೆ. ಡೀನಾ ಬರುತ್ತಾಳೆ. ಶನಿವಾರ ಮಾತ್ರ ಬರುವುದಿಲ್ಲ. ನೋವಾದರೆ ಶನಿವಾರವೂ ಬರುತ್ತೇನೆ, ಹರಟೆಗೆ ಬರುವುದಿಲ್ಲ ಎಂದಿದ್ದಾಳೆ. ಇಳಕಲ್ ಸೀರೆಯ ಬಣ್ಣ ಇನ್ನೂ ಬಿಟ್ಟಿಲ್ಲ.

ಗೊತ್ತಿಲ್ಲದ್ದು ಬಹಳ ಉಳಿದಿದೆ. ಠಾಣೆಯ ಸೋದರಮಾವ ನಿಜವಾಗಿ ಹೂಂ ಅಂದರೋ, ಇಲ್ಲ ಅಂದದ್ದನ್ನು ಡೀನಾ ನುಂಗಿಕೊಂಡಳೋ ನನಗೆ ಗೊತ್ತಿಲ್ಲ. ಕೇಳಿಲ್ಲ, ಕೇಳುವುದಿಲ್ಲ. ಆ ಮಲಿದಾ ಅವರ ದೇವರ ಲೆಕ್ಕದಲ್ಲಿ ಸೇರಿತೋ ಇಲ್ಲವೋ ಗೊತ್ತಿಲ್ಲ. ಅಜ್ಜಿ ಹೇಳುತ್ತಿದ್ದ ಮಾತು ಅವರ ಮಂದಿಯದೇ ಹಳೆಯ ಮಾತೋ, ಗುಳಿಗೆ ತಿನ್ನಿಸಲು ಅಂದು ಅಲ್ಲೇ ಕಟ್ಟಿದ್ದೋ, ಅದೂ ಗೊತ್ತಿಲ್ಲ. ಎಲುಬಿನೊಳಗೆ ನಿಂತದ್ದು ಎಲ್ಲಿಯವರೆಗೆ ನಿಂತಿರುತ್ತದೆಂದು ನನಗೆ ಗೊತ್ತಿಲ್ಲ. ಡಾಕ್ಟರಿಗೂ ಗೊತ್ತಿಲ್ಲ. ಗೊತ್ತಿಲ್ಲವೆಂಬುದನ್ನು ಅವರು ಈಗ ನನಗೇ ಹೇಳುತ್ತಾರೆ.